ಕಾರಿನೊಳಗಿನ ಭಾಷೆ: ಆರದ ದೀಪವೊಂದು ಕಲಿಸಿದ ಪಾಠ



ವಾಣಿಜ್ಯ ವಿಭಾಗದಲ್ಲಿ ಓದುವ ನಾನು ಕಾರಿನ ಸಾಫ್ಟ್‌ವೇರ್ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ನನ್ನ ವಿಷಯಗಳು ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮತ್ತು ಗಣಕ ವಿಜ್ಞಾನ. ಈ ನಾಲ್ಕರಲ್ಲಿ ಗಣಕ ವಿಜ್ಞಾನಕ್ಕೂ ಲೆಕ್ಕಶಾಸ್ತ್ರಕ್ಕೂ ಏನು ಸಂಬಂಧ ಎಂದು ಹೋದ ವರ್ಷ ನನಗೂ ಗೊತ್ತಿರಲಿಲ್ಲ. ಅದನ್ನು ತಿಳಿಸಿದ್ದು ನಮ್ಮ ಅಬ್ಬಾ ಓಡಿಸುವ ಕಾರಿನ ಒಂದು ಸಣ್ಣ ಕೆಂಪು ದೀಪ.

ದೀಪ ಆರಲಿಲ್ಲ

ಅಬ್ಬಾ ಬಾಡಿಗೆ ಕಾರಿನ ಚಾಲಕರು. ಗಾಡಿ ಬೇರೆಯವರದು, ದುಡಿಮೆ ಅಬ್ಬಾದು. ಮನಗೂಳಿಯಿಂದ ವಿಜಯಪುರದ ಆಸ್ಪತ್ರೆಗೆ, ಬಸವನ ಬಾಗೇವಾಡಿಯ ಕಚೇರಿಗಳಿಗೆ, ಆಲಮಟ್ಟಿ ನೋಡಲು, ಮದುವೆಗೆ ಎಂದು ಜನ ಕರೆಯುತ್ತಾರೆ. ಗಾಡಿ ಶುರು ಮಾಡಿದಾಗ ಮುಂದಿನ ಫಲಕದಲ್ಲಿ ಏರ್‌ಬ್ಯಾಗ್ ಚಿತ್ರದ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಒಂದು ದಿನ ಅದು ಆರಲಿಲ್ಲ.

ಅಬ್ಬಾ ಒಂದು ರಿಪೇರಿ ಅಂಗಡಿಗೆ ಹೋದರು. ಅಲ್ಲಿಯವರು ಲ್ಯಾಪ್‌ಟಾಪ್ ಜೋಡಿಸಿ ದೋಷವನ್ನು ಅಳಿಸಿದರು. ಮೂರು ದಿನ ಬಿಟ್ಟು ದೀಪ ಮತ್ತೆ ಬಂತು. ಎರಡನೆಯ ಸಲ ಹೋದಾಗ ಆ ಅಂಗಡಿಯವರು ಹೇಳಿದ ಮಾತು ಇದು: "ಸಾಫ್ಟ್‌ವೇರ್ ಪ್ರಾಬ್ಲಮ್ ಅಷ್ಟ ರೀ, ಏನೂ ಆಗಂಗಿಲ್ಲ. ಬೇಕಂದ್ರ ಒಂದು ರೆಸಿಸ್ಟರ್ ಹಾಕಿ ದೀಪ ಆರಿಸಿ ಕೊಡ್ತೀನಿ."

ಅಬ್ಬಾ ಒಪ್ಪಲಿಲ್ಲ. ಗಾಡಿ ಮನೆ ಮುಂದೆ ನಿಲ್ಲಿಸಿದರು. ಅದು ಮದುವೆಗಳ ಕಾಲ. ಎರಡು ಒಳ್ಳೆಯ ಬಾಡಿಗೆ ಕೈಬಿಟ್ಟವು. ಅಮ್ಮಿ ಕೇಳಿದಾಗ ಅಬ್ಬಾ ಒಂದೇ ಶಬ್ದ ಹೇಳಿದರು: "ಅಮಾನತ್." ಗಾಡಿಯಲ್ಲಿ ಕೂತವರು ನಮ್ಮ ನಂಬಿಕೆಗೆ ಒಪ್ಪಿಸಿದ ಸ್ವತ್ತು ಎಂಬ ಅರ್ಥದಲ್ಲಿ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಕಾಕಾ ಅದನ್ನು ಕೇಳಿ ಗಾಬರಿಯಾದರು. ಕನ್ನಡದಲ್ಲಿ ಅಮಾನತು ಅಂದರೆ ಕೆಲಸದಿಂದ ತೆಗೆದು ಕೂರಿಸುವುದು. ಅಬ್ಬಾ ಅವರ ಲೈಸೆನ್ಸ್ ಅಮಾನತು ಆಗಿದೆ ಎಂದೇ ಅವರು ತಿಳಿದರು! ನಾವು ನಕ್ಕೆವು. ಆದರೆ ಒಂದೇ ಶಬ್ದಕ್ಕೆ ಎರಡು ಅರ್ಥ ಇದ್ದರೆ ಏನಾಗುತ್ತದೆ ಎಂಬ ವಿಷಯ ನನ್ನ ತಲೆಯಲ್ಲಿ ಉಳಿಯಿತು.

"ಸಾಫ್ಟ್‌ವೇರ್ ಪ್ರಾಬ್ಲಮ್ ಅಷ್ಟ" ಎಂಬ ಮಾತೂ ಉಳಿಯಿತು. ಅದು "ಅಷ್ಟೇ" ಹೇಗಾಗುತ್ತದೆ? ಮರುದಿನ ಲ್ಯಾಬಿನಲ್ಲಿ ನಮ್ಮ ಗಣಕ ವಿಜ್ಞಾನದ ಮೇಡಂ ಅವರನ್ನು ಕೇಳಿದೆ: "ಏರ್‌ಬ್ಯಾಗ್ ಪ್ರೋಗ್ರಾಮನ್ನು ಯಾವ ಭಾಷೆಯಲ್ಲಿ ಬರೀತಾರ ಮೇಡಂ? ಪೈಥಾನ್‌ನಲ್ಲಾ?" ಅವರು ನಕ್ಕು, "ಹುಡುಕಿ ಬರಿ, ನ್ಯೂಸ್‌ಲೆಟರಿಗೆ ಆಗ್ತದ" ಎಂದರು. ಹುಡುಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾರಿನಲ್ಲಿ ಎಷ್ಟು ಕಂಪ್ಯೂಟರ್?

ಈಗಿನ ಕಾರಿನಲ್ಲಿ ಒಂದಲ್ಲ, ಹತ್ತಾರು ಸಣ್ಣ ಕಂಪ್ಯೂಟರುಗಳಿವೆ. ಎಂಜಿನ್‌ಗೆ ಒಂದು, ಬ್ರೇಕ್‌ಗೆ ಒಂದು, ಏರ್‌ಬ್ಯಾಗ್‌ಗೆ ಒಂದು, ಸ್ಟೀರಿಂಗ್‌ಗೆ ಒಂದು. ದುಬಾರಿ ಕಾರುಗಳಲ್ಲಿ ಇವುಗಳ ಸಂಖ್ಯೆ ನೂರರ ಹತ್ತಿರ ಹೋಗುತ್ತದೆ. ಇವಕ್ಕೆ ಇಸಿಯು ಎನ್ನುತ್ತಾರೆ, ಅಂದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್.

ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಗಾಡಿ ಜಾರದಂತೆ ನೋಡಿಕೊಳ್ಳುವ ಎಬಿಎಸ್ ವ್ಯವಸ್ಥೆಯನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿಗೆ ಒದಗಿಸಿತು. ಇದೇ ಬಾಷ್ ಕಂಪನಿಯ ಜರ್ಮನಿಯ ಹೊರಗಿನ ಅತಿ ದೊಡ್ಡ ಅಭಿವೃದ್ಧಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ಮರ್ಸಿಡಿಸ್ ಬೆಂಜ್ ಕೂಡ 1996ರಿಂದ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಂದರೆ ಜಗತ್ತಿನ ರಸ್ತೆಗಳಲ್ಲಿ ಓಡುವ ಎಷ್ಟೋ ಕಾರುಗಳ ಪ್ರೋಗ್ರಾಮನ್ನು ಕರ್ನಾಟಕದಲ್ಲಿ ಕುಳಿತವರು ಬರೆಯುತ್ತಾರೆ, ಪರೀಕ್ಷಿಸುತ್ತಾರೆ.

ಎಲ್ಲ ಇಸಿಯುಗಳ ಜವಾಬ್ದಾರಿ ಒಂದೇ ಅಲ್ಲ. ರೇಡಿಯೊ ನಿಂತರೆ ಹಾಡು ನಿಲ್ಲುತ್ತದೆ. ಬ್ರೇಕ್ ತಪ್ಪಿದರೆ ಜೀವ ಹೋಗುತ್ತದೆ. ಇದನ್ನು ಅಳೆಯಲು ಐಎಸ್‌ಒ 26262 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದು 2011ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. ಅದು ಮೂರು ಪ್ರಶ್ನೆ ಕೇಳುತ್ತದೆ. ತಪ್ಪಾದರೆ ಪೆಟ್ಟು ಎಷ್ಟು ದೊಡ್ಡದು? ಅಂಥ ಸಂದರ್ಭ ಎಷ್ಟು ಸಲ ಬರುತ್ತದೆ? ಬಂದಾಗ ಚಾಲಕ ಗಾಡಿಯನ್ನು ಹತೋಟಿಗೆ ತರಬಲ್ಲನೆ? ಉತ್ತರ ನೋಡಿ ಎ, ಬಿ, ಸಿ, ಡಿ ಎಂಬ ದರ್ಜೆ ಕೊಡುತ್ತಾರೆ. ಈ ದರ್ಜೆಯ ಹೆಸರು ಅಸಿಲ್. ಎ ಸುಲಭ, ಡಿ ಅತಿ ಕಠಿಣ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ಸಾಮಾನ್ಯವಾಗಿ ಡಿ ದರ್ಜೆಯಲ್ಲಿ ಬರುತ್ತವೆ.

ಪೈಥಾನ್ ಯಾಕೆ ಬೇಡ?

ನಮ್ಮ ಪುಸ್ತಕದಲ್ಲಿ ಪೈಥಾನ್ ಇದೆ. ನಮಗಿಂತ ಹಿಂದಿನ ಬ್ಯಾಚಿನವರ ಪುಸ್ತಕದಲ್ಲಿ ಸಿ ಪ್ಲಸ್ ಪ್ಲಸ್ ಇತ್ತು. ಪೈಥಾನ್ ಬರೆಯಲು ಸುಲಭ, ಓದಲು ಸುಲಭ. ಹಾಗಾದರೆ ಏರ್‌ಬ್ಯಾಗಿಗೆ ಅದನ್ನೇ ಬಳಸಬಾರದೇ?

ಮೊದಲನೆಯದು ಸಮಯದ ವಿಷಯ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ಡಿಕ್ಕಿ ಆದ ಮೇಲೆ ಏರ್‌ಬ್ಯಾಗ್ ಉಬ್ಬುವುದು ಸುಮಾರು 30 ಮಿಲಿಸೆಕೆಂಡಿನಲ್ಲಿ. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಪೈಥಾನ್ ಪ್ರೋಗ್ರಾಂ ನಡೆಯುವಾಗ ಇಂಟರ್‌ಪ್ರಿಟರ್ ಮಧ್ಯೆ ಕುಳಿತು ಆಜ್ಞೆಗಳನ್ನು ನಡೆಸುತ್ತದೆ, ಬೇಡವಾದ ಮೆಮೊರಿಯನ್ನು ತಾನೇ ಗುಡಿಸುತ್ತದೆ. ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಇಲ್ಲಿ ಬೇಕಾದದ್ದು ಬರೀ ವೇಗ ಅಲ್ಲ, "ಇಷ್ಟು ಹೊತ್ತಿನೊಳಗೆ ಆಗಿಯೇ ಆಗುತ್ತದೆ" ಎಂಬ ಭರವಸೆ.

ಎರಡನೆಯದು ಜಾತಿಯ ವಿಷಯ, ಅಂದರೆ ಡೇಟಾ ಟೈಪ್. ಪೈಥಾನ್‌ನಲ್ಲಿ ಒಂದು ಚರದಲ್ಲಿ ಈಗ ಸಂಖ್ಯೆ ಇಟ್ಟು ಆಮೇಲೆ ಅಕ್ಷರ ಇಡಬಹುದು. ತಪ್ಪು ಇದ್ದರೆ ಆ ಸಾಲು ನಡೆಯುವಾಗಲೇ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಕೆಂಪು ಅಕ್ಷರ ಬಂದರೆ ನಾವು ತಿದ್ದಿ ಮತ್ತೆ ಓಡಿಸುತ್ತೇವೆ. ಹೆದ್ದಾರಿಯಲ್ಲಿ ಡಿಕ್ಕಿಯಾದ ಕ್ಷಣದಲ್ಲಿ ಮತ್ತೆ ಓಡಿಸಲು ಆಗುವುದಿಲ್ಲ. ಹಾಗೆಂದು ಪೈಥಾನ್ ಕೆಟ್ಟ ಭಾಷೆ ಅಲ್ಲ. ಕಾರಿನ ಪರೀಕ್ಷೆಗಳನ್ನು ನಡೆಸಲು, ಲೆಕ್ಕ ವಿಶ್ಲೇಷಿಸಲು ಎಂಜಿನಿಯರುಗಳು ಅದನ್ನು ಚೆನ್ನಾಗಿ ಬಳಸುತ್ತಾರೆ. ಅದರ ಜಾಗ ಬೇರೆ.

ಸಿ: ವೇಗ ಇದೆ, ಕೇಳುವವರಿಲ್ಲ

ಕಾರಿನೊಳಗೆ ಹೆಚ್ಚು ನಡೆಯುವ ಭಾಷೆ ಸಿ, ಅದರ ಜೊತೆಗೆ ಸಿ ಪ್ಲಸ್ ಪ್ಲಸ್. ಸಿ ಭಾಷೆಯನ್ನು ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದರು. ಅದು ಸಣ್ಣ ಚಿಪ್‌ನಲ್ಲೂ ಓಡುತ್ತದೆ. ಯಂತ್ರಕ್ಕೆ ಹತ್ತಿರ ಇದೆ. ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಬಹುದು.

ಆದರೆ ಸಿ ಭಾಷೆ ಬರೆಯುವವನನ್ನು ಪೂರ್ತಿ ನಂಬುತ್ತದೆ. ಐದು ಮನೆ ಇರುವ ಪಟ್ಟಿಯಲ್ಲಿ ಆರನೆಯ ಮನೆಗೆ ಬರೆಯಲು ಹೇಳಿದರೆ ಅದು ತಡೆಯುವುದಿಲ್ಲ. ಪಕ್ಕದಲ್ಲಿ ಯಾರ ಲೆಕ್ಕ ಇದೆಯೋ ಅದರ ಮೇಲೆ ಬರೆದುಬಿಡಬಹುದು. ಹೋಲಿಕೆ ಮಾಡಲು ಎರಡು ಸಮ ಚಿಹ್ನೆ (==) ಬೇಕು. ಮರೆತು ಒಂದೇ (=) ಹಾಕಿದರೆ ಹೋಲಿಕೆ ಹೋಗಿ ಬೆಲೆಯೇ ಬದಲಾಗುತ್ತದೆ. ಭಾಷೆಯ ಪ್ರಕಾರ ಎರಡೂ ಸರಿ.

ಇನ್ನೂ ದೊಡ್ಡ ಅಪಾಯ ಒಂದಿದೆ. ಸಿ ಭಾಷೆಯ ನಿಯಮಾವಳಿಯಲ್ಲಿ ಕೆಲವು ಸಂದರ್ಭಗಳಿಗೆ ಅರ್ಥವನ್ನೇ ಕೊಟ್ಟಿಲ್ಲ. ಉದಾಹರಣೆಗೆ, ಚಿಹ್ನೆ ಇರುವ ಪೂರ್ಣಾಂಕ ತನ್ನ ಮಿತಿ ಮೀರಿದರೆ ಏನಾಗಬೇಕು ಎಂದು ಅದು ಹೇಳುವುದಿಲ್ಲ. ಒಂದು ಕಂಪೈಲರ್ ಒಂದು ರೀತಿ ಮಾಡಬಹುದು, ಇನ್ನೊಂದು ಬೇರೆ ರೀತಿ ಮಾಡಬಹುದು.

ಇದನ್ನು ನಮ್ಮ ಮನೆ ಮಾತಿನಿಂದ ಹೇಳುತ್ತೇನೆ. ಉರ್ದುವಿನಲ್ಲಿ "ಕಲ್" ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಕಲ್ ಆಯಾ" ಅಂದರೆ ನಿನ್ನೆ ಬಂದ, "ಕಲ್ ಆಯೇಗಾ" ಅಂದರೆ ನಾಳೆ ಬರುತ್ತಾನೆ. ಮನುಷ್ಯರಿಗೆ ಮುಂದಿನ ಶಬ್ದದಿಂದ ತಿಳಿಯುತ್ತದೆ. ಆದರೆ ಯಾರಾದರೂ ಫೋನಿನಲ್ಲಿ ಬರೀ "ಕಲ್, ಗಾಡಿ, ಬಿಜಾಪುರ" ಅಂದರೆ? ಅಬ್ಬಾ ಮತ್ತೆ ಫೋನು ಮಾಡಿ ಕೇಳುತ್ತಾರೆ. ಯಂತ್ರ ಕೇಳುವುದಿಲ್ಲ, ಒಂದು ಅರ್ಥ ಹಿಡಿದು ಮಾಡಿಬಿಡುತ್ತದೆ. ಮನೆ ಮಾತಿಗೆ ಎರಡು ಅರ್ಥ ಒಂದು ಸೊಗಸು, ಬ್ರೇಕಿನ ಪ್ರೋಗ್ರಾಮಿಗೆ ಅದು ಅಪಾಯ. ಅದಕ್ಕೇ ಐಎಸ್‌ಒ 26262 ಇಂಥದೇ ಭಾಷೆ ಬಳಸಿ ಎಂದು ಹೆಸರಿಸಿ ಕಡ್ಡಾಯ ಮಾಡುವುದಿಲ್ಲ. ಭಾಷೆಯ ಅರ್ಥ ಸಂದಿಗ್ಧ ಇಲ್ಲದೆ ಸ್ಪಷ್ಟವಾಗಿರಬೇಕು, ಹಾಗಿಲ್ಲದಿದ್ದರೆ ಆ ಕೊರತೆಯನ್ನು ನಿಯಮಗಳಿಂದ ತುಂಬಬೇಕು ಎನ್ನುತ್ತದೆ.

ಮಿಸ್ರಾ: ಭಾಷೆಗೆ ಬೇಲಿ

ಆ ಕೊರತೆ ತುಂಬಲು ಬ್ರಿಟನ್ನಿನ ವಾಹನ ಉದ್ಯಮದವರು ಸೇರಿ 1998ರಲ್ಲಿ "ಮಿಸ್ರಾ ಸಿ" ಎಂಬ ನಿಯಮಪುಸ್ತಕ ತಂದರು. ಮೊದಲ ಆವೃತ್ತಿಯಲ್ಲಿ 127 ನಿಯಮಗಳಿದ್ದವು. 2004ರಲ್ಲಿ ಮತ್ತು 2012ರಲ್ಲಿ ಅದು ಪರಿಷ್ಕರಣೆಗೊಂಡಿತು. 2012ರ ಆವೃತ್ತಿ 143 ನಿಯಮಗಳು ಮತ್ತು 16 ನಿರ್ದೇಶನಗಳೊಂದಿಗೆ ಬಂತು.

ಮಿಸ್ರಾ ಹೊಸ ಭಾಷೆ ಅಲ್ಲ. ಸಿ ಭಾಷೆಯಲ್ಲಿ ಯಾವುದನ್ನು ಬಳಸಬಾರದು ಎಂದು ಹೇಳುವ ಬೇಲಿ. ಪ್ರೋಗ್ರಾಂ ಓಡುವಾಗ ಮಧ್ಯದಲ್ಲಿ ಮೆಮೊರಿ ಬೇಡಬಾರದು, ಯಾಕೆಂದರೆ ಸಿಗದೇ ಹೋಗಬಹುದು. ಒಂದು ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯಬಾರದು, ಯಾಕೆಂದರೆ ಎಷ್ಟು ಜಾಗ ಬೇಕು ಎಂದು ಹೇಳಲಾಗದು. ಹೀಗೆ ಪ್ರತಿ ನಿಯಮಕ್ಕೂ ಕಾರಣ ಇದೆ. ಇವುಗಳಲ್ಲಿ ಹೆಚ್ಚಿನವನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುವ ಸಾಫ್ಟ್‌ವೇರ್ ಕೂಡ ಇದೆ. ಅನಿವಾರ್ಯವಾಗಿ ಒಂದು ನಿಯಮ ಮುರಿದರೆ ಯಾಕೆ ಮುರಿದೆವು ಎಂದು ಬರೆದಿಟ್ಟು ಒಪ್ಪಿಗೆ ಪಡೆಯಬೇಕು. ಲೆಕ್ಕಶಾಸ್ತ್ರದ ಗೆಳೆಯರೇ, ಇದು ನಮಗೆ ಗೊತ್ತಿರುವುದೇ: ವೋಚರ್ ಇಲ್ಲದೆ ಖರ್ಚು ಬರೆಯುವಂತಿಲ್ಲ.

ಏಡಾ: ಬೆಂಗಳೂರಿನ ಆಕಾಶದಲ್ಲಿ

ಇನ್ನೊಂದು ದಾರಿ ಎಂದರೆ ಮೊದಲಿನಿಂದಲೇ ಕಟ್ಟುನಿಟ್ಟಾದ ಭಾಷೆ ಆರಿಸುವುದು. ಅಮೆರಿಕದ ರಕ್ಷಣಾ ಇಲಾಖೆಗಾಗಿ ತಯಾರಾದ ಏಡಾ ಅಂಥ ಭಾಷೆ. 1983ರಲ್ಲಿ ಅದು ಮಾನದಂಡವಾಯಿತು. ಜಗತ್ತಿನ ಮೊದಲ ಪ್ರೋಗ್ರಾಮರ್ ಎಂದು ಹೆಸರಾದ ಏಡಾ ಲವ್‌ಲೇಸ್ (1815–1852) ಅವರ ಹೆಸರನ್ನು ಅದಕ್ಕೆ ಇಟ್ಟರು.

ಏಡಾದಲ್ಲಿ "ಅಂಕಗಳು ಎಂದರೆ 0ರಿಂದ 100ರವರೆಗೆ ಮಾತ್ರ" ಎಂದು ಹೊಸ ಜಾತಿಯನ್ನೇ ಮಾಡಬಹುದು. ಯಾರಾದರೂ 105 ಬರೆದರೆ ಭಾಷೆಯೇ ತಡೆಯುತ್ತದೆ. ಕಿಲೋಮೀಟರನ್ನು ಒಂದು ಜಾತಿ, ರೂಪಾಯಿಯನ್ನು ಇನ್ನೊಂದು ಜಾತಿ ಎಂದು ಮಾಡಿದರೆ ಎರಡನ್ನೂ ಕೂಡಿಸಲು ಬಿಡುವುದಿಲ್ಲ.

ಇದರ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಅದು ಕಾರು ಅಲ್ಲ, ವಿಮಾನ. ಹಗುರ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಚುರುಕಾಗಿ ತಿರುಗಲೆಂದು ಅದನ್ನು ಬೇಕಂತಲೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದುತ್ತಿದ್ದರೆ ಮಾತ್ರ ಅದು ನೆಟ್ಟಗೆ ಹಾರುತ್ತದೆ. ಒಂದು ಕೈಕೊಟ್ಟರೂ ಉಳಿದವು ನಡೆಸಲೆಂದು ನಿಯಂತ್ರಣ ವ್ಯವಸ್ಥೆಯಲ್ಲಿ ನಾಲ್ಕು ಸಮಾನಾಂತರ ಮಾರ್ಗಗಳಿವೆ. ಆ ಸಾಫ್ಟ್‌ವೇರಿಗೆ ಬಳಸಿದ್ದು ಏಡಾ ಭಾಷೆ. ಅದರಲ್ಲೂ ಪೂರ್ತಿ ಏಡಾ ಅಲ್ಲ, ಅಪಾಯದ ಭಾಗಗಳನ್ನು ಬಿಟ್ಟ ಸುರಕ್ಷಿತ ಭಾಗ ಮಾತ್ರ. ಗಮನಿಸಿ: ಕಟ್ಟುನಿಟ್ಟಾದ ಭಾಷೆಗೂ ಅವರು ಬೇಲಿ ಹಾಕಿದರು.

ರಸ್ಟ್: ಹೊಸ ಹುಡುಗ

ಈಗ ಎಲ್ಲರ ಬಾಯಲ್ಲಿ ಇರುವ ಹೆಸರು ರಸ್ಟ್. ಇದರ ಮೊದಲ ಸ್ಥಿರ ಆವೃತ್ತಿ 2015ರ ಮೇ ತಿಂಗಳಲ್ಲಿ ಬಂತು. ಸಿ ಭಾಷೆಯಷ್ಟೇ ವೇಗ, ಆದರೆ ಮೆಮೊರಿಯ ತಪ್ಪುಗಳನ್ನು ಬಹುಪಾಲು ಕಂಪೈಲ್ ಮಾಡುವಾಗಲೇ ಹಿಡಿಯುತ್ತದೆ. ಅದರ ಮುಖ್ಯ ನಿಯಮ ಮಾಲೀಕತ್ವ. ಪ್ರತಿ ಡೇಟಾಗೂ ಒಬ್ಬನೇ ಮಾಲೀಕ. ಬೇರೆಯವರು ಎರವಲು ಪಡೆಯಬಹುದು. ಹಲವರು ಓದಲು ಪಡೆಯಬಹುದು, ಇಲ್ಲವೇ ಒಬ್ಬನೇ ಬದಲಿಸಲು ಪಡೆಯಬಹುದು, ಎರಡೂ ಒಟ್ಟಿಗೆ ಇಲ್ಲ. ಕಾಲೇಜಿನ ಹಾಜರಿ ಪುಸ್ತಕ ಹೀಗೇ ಅಲ್ಲವೇ? ನೋಡುವವರು ಹಲವರು ಇರಬಹುದು, ಬರೆಯುವಾಗ ಒಬ್ಬರ ಕೈಯಲ್ಲೇ ಇರಬೇಕು.

ಭಾಷೆ ಒಳ್ಳೆಯದಾದರೆ ಸಾಲದು, ಅದರ ಕಂಪೈಲರ್ ಮೇಲೂ ಭರವಸೆ ಬೇಕು. ಫೆರೋಸೀನ್ ಎಂಬ ರಸ್ಟ್ ಕಂಪೈಲರಿಗೆ 2023ರಲ್ಲಿ ಐಎಸ್‌ಒ 26262 ಪ್ರಕಾರ ಡಿ ದರ್ಜೆಯ ಕೆಲಸಕ್ಕೆ ಬಳಸಬಹುದೆಂಬ ಮಾನ್ಯತೆ ಸಿಕ್ಕಿತು. ವೋಲ್ವೊ ತನ್ನ ಹೊಸ ಕಾರಿನ ಒಂದು ಇಸಿಯುನಲ್ಲಿ ರಸ್ಟ್ ಬಳಸಿದೆ. ಆದರೂ ಕಾರು ಕಂಪನಿಗಳು ಒಮ್ಮೆಲೇ ಬದಲಾಗುವುದಿಲ್ಲ. ದಶಕಗಳಿಂದ ಬರೆದು ಪರೀಕ್ಷಿಸಿದ ಸಿ ಪ್ರೋಗ್ರಾಂ ಅವರ ಬಳಿ ಇದೆ. ಅದನ್ನು ಬಲ್ಲ ಎಂಜಿನಿಯರುಗಳಿದ್ದಾರೆ. ಹಳೆಯದನ್ನು ಪೂರ್ತಿ ಹೊಸದಾಗಿ ಬರೆದರೆ ಹೊಸ ತಪ್ಪುಗಳೂ ಬರುತ್ತವೆ.

ತಾಳೆಪಟ್ಟಿ ಸರಿ ಬಂದರೆ ಲೆಕ್ಕ ಸರಿಯೇ?

ಇಲ್ಲಿಯವರೆಗೆ ಓದಿದವರು "ಹಾಗಾದರೆ ಕಟ್ಟುನಿಟ್ಟಾದ ಭಾಷೆ ಆರಿಸಿದರೆ ಮುಗಿಯಿತು" ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಗ ನೆನಪಾದದ್ದು ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರ.

ತಾಳೆಪಟ್ಟಿಯ ಎರಡೂ ಬದಿ ಸಮ ಬಂದರೆ ಲೆಕ್ಕ ಪೂರ್ತಿ ಸರಿ ಎಂದು ಅರ್ಥವಲ್ಲ. ಪರೀಕ್ಷೆಗೆ ಇದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಒಂದು ಮಾರಾಟವನ್ನು ಬರೆಯಲು ಪೂರ್ತಿ ಮರೆತರೂ ತಾಳೆ ಆಗುತ್ತದೆ. ಯಂತ್ರದ ರಿಪೇರಿ ಖರ್ಚನ್ನು ಯಂತ್ರದ ಖಾತೆಗೇ ಹಾಕಿದರೂ ತಾಳೆ ಆಗುತ್ತದೆ. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿದರೂ ತಾಳೆ ಆಗುತ್ತದೆ. ಕಂಪೈಲರ್ ಕೂಡ ತಾಳೆಪಟ್ಟಿಯಂತೆ. ಕೆಲವು ಜಾತಿಯ ತಪ್ಪನ್ನು ಖಂಡಿತ ಹಿಡಿಯುತ್ತದೆ. ತತ್ವದ ತಪ್ಪನ್ನು ಹಿಡಿಯುವುದಿಲ್ಲ.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿನಲ್ಲಿ ನಾಶವಾಯಿತು. ಅದರ ಸಾಫ್ಟ್‌ವೇರ್ ಇದ್ದದ್ದು ಕಟ್ಟುನಿಟ್ಟಿನ ಏಡಾದಲ್ಲೇ! ಹಳೆಯ ಏರಿಯಾನ್ 4ರ ಪ್ರೋಗ್ರಾಂ ಭಾಗವನ್ನು ಹಾಗೆಯೇ ಬಳಸಿದ್ದರು. ಹೊಸ ರಾಕೆಟ್ ಪಥ ಬೇರೆ, ಅಡ್ಡ ವೇಗ ಹೆಚ್ಚು. 64 ಬಿಟ್‌ನ ಒಂದು ಬೆಲೆಯನ್ನು 16 ಬಿಟ್‌ನ ಡಬ್ಬಿಗೆ ಹಾಕಲು ಹೋದಾಗ ಅದು ಹಿಡಿಸಲಿಲ್ಲ. 16 ಬಿಟ್‌ನಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ. ಅಂಥ ಏಳು ಬೆಲೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿದ್ದರು, ಕಂಪ್ಯೂಟರಿನ ಹೊರೆ ಕಡಿಮೆ ಮಾಡಲು ಮೂರಕ್ಕೆ ಹಾಕಿರಲಿಲ್ಲ. ಮಿತಿ ಮೀರಿದ್ದು ಕಾವಲು ಇಲ್ಲದ ಮೂರರಲ್ಲಿ ಒಂದು. ಭಾಷೆ ತಪ್ಪನ್ನು ಗುರುತಿಸಿತು, ಆದರೆ ಅದನ್ನು ಸಂಭಾಳಿಸಲು ಮನುಷ್ಯರು ಏನೂ ಬರೆದಿರಲಿಲ್ಲ.

ಕಾರಿನ ಒಂದು ಪ್ರಕರಣವೂ ಇದೆ. 2007ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ 2005ರ ಮಾದರಿಯ ಟೊಯೊಟಾ ಕ್ಯಾಮ್ರಿ ಕಾರು ಅಪಘಾತಕ್ಕೀಡಾಗಿ ಒಬ್ಬ ಮಹಿಳೆ ತೀರಿಕೊಂಡರು, ಚಾಲಕಿಗೆ ಗಾಯವಾಯಿತು. ಕಾರು ತಾನಾಗಿ ವೇಗ ಹೆಚ್ಚಿಸಿಕೊಂಡಿತು ಎಂಬುದು ಅವರ ಕಡೆಯ ವಾದ. ವಾದಿಗಳ ತಜ್ಞರು ಸಿ ಭಾಷೆಯ ಆ ಪ್ರೋಗ್ರಾಮಿನಲ್ಲಿ ಹಲವು ಮಿಸ್ರಾ ನಿಯಮಗಳನ್ನು ಪಾಲಿಸಿಲ್ಲ, ಯಾರು ಬೇಕಾದರೂ ಕೈಹಾಕಬಹುದಾದ ಗ್ಲೋಬಲ್ ಚರಗಳು ಹತ್ತು ಸಾವಿರಕ್ಕೂ ಹೆಚ್ಚಿವೆ ಎಂದು ಸಾಕ್ಷಿ ಹೇಳಿದರು. ಹತ್ತು ಸಾವಿರ ಬೀಗವಿಲ್ಲದ ಗಲ್ಲಾಪೆಟ್ಟಿಗೆ ಎಂದುಕೊಳ್ಳಿ. 2013ರ ಅಕ್ಟೋಬರಿನಲ್ಲಿ ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟು 30 ಲಕ್ಷ ಡಾಲರ್ ಪರಿಹಾರ ಹೇಳಿತು. ಆದರೆ ಇನ್ನೊಂದು ಬದಿಯನ್ನೂ ಬರೆಯಬೇಕು. ಅದಕ್ಕೂ ಮೊದಲು, 2011ರಲ್ಲಿ, ಟೊಯೊಟಾ ಕಾರುಗಳ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಪರಿಶೀಲಿಸಿದ ನಾಸಾ ಎಂಜಿನಿಯರುಗಳಿಗೆ ಅದೇ ಇಂಥ ಘಟನೆಗಳಿಗೆ ಕಾರಣ ಎನ್ನುವ ಪುರಾವೆ ಸಿಕ್ಕಿರಲಿಲ್ಲ.

ಎರಡನ್ನೂ ಓದಿದಾಗ ನನಗೆ ಅರ್ಥವಾದದ್ದು ಇಷ್ಟು. ಪ್ರೋಗ್ರಾಂ ಸರಿ ಇದ್ದರೆ ಸಾಲದು. ಸರಿ ಇದೆ ಎಂದು ಬೇರೆಯವರು ನೋಡಿ ಹೇಳುವಂತೆಯೂ ಇರಬೇಕು. ಅದಕ್ಕೇ ಡಿ ದರ್ಜೆಯ ಕೆಲಸವನ್ನು ಬರೆದವರೇ ಪಾಸು ಮಾಡುವಂತಿಲ್ಲ. ಆ ತಂಡಕ್ಕೆ ಸೇರದ ಸ್ವತಂತ್ರ ಪರಿಶೀಲಕರು ನೋಡಬೇಕು ಎಂದು ಮಾನದಂಡ ಹೇಳುತ್ತದೆ. ಇದನ್ನು ನಾವು ವಾಣಿಜ್ಯದಲ್ಲಿ ಲೆಕ್ಕಪರಿಶೋಧನೆ ಎನ್ನುತ್ತೇವೆ.

ಹಾಗಾದರೆ ಆಯ್ಕೆ ಹೇಗೆ?

ನಾಳೆ ನಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಹೋದರೆ ಭಾಷೆ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಇವು:

1. ಈ ಭಾಷೆಯ ಪ್ರತಿ ವಾಕ್ಯಕ್ಕೂ ಒಂದೇ ಅರ್ಥ ಇದೆಯೇ? ಇಲ್ಲದ ಕಡೆ ಬೇಲಿ ಹಾಕುವ ನಿಯಮ ಇದೆಯೇ?
2. ತಪ್ಪು ಯಾವಾಗ ಗೊತ್ತಾಗುತ್ತದೆ, ಬರೆಯುವಾಗಲೋ, ರಸ್ತೆಯ ಮೇಲೋ?
3. ಕೆಲಸ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂದು ಮೊದಲೇ ಹೇಳಬಹುದೇ?
4. ಕಂಪೈಲರಿಗೆ ಮತ್ತು ಪರೀಕ್ಷೆಯ ಸಾಧನಗಳಿಗೆ ಮಾನ್ಯತೆ ಇದೆಯೇ?
5. ಇದನ್ನು ಚೆನ್ನಾಗಿ ಬಲ್ಲ ಜನ ಸಿಗುತ್ತಾರೆಯೇ? ಹತ್ತು ವರ್ಷ ಬಿಟ್ಟು ತಿದ್ದುವವರು ಇರುತ್ತಾರೆಯೇ?
6. ತಪ್ಪು ಸಿಕ್ಕಾಗ ಯಂತ್ರ ಏನು ಮಾಡಬೇಕು ಎಂದು ಮೊದಲೇ ಬರೆದಿದೆಯೇ?

ಆರನೆಯ ಪ್ರಶ್ನೆಯನ್ನು ಯಾವ ಭಾಷೆಯೂ ನಮ್ಮ ಪರವಾಗಿ ಉತ್ತರಿಸುವುದಿಲ್ಲ.

ಮತ್ತೆ ಆ ದೀಪ

ನಮ್ಮ ಗಾಡಿಯ ಕಥೆ ಮುಗಿಸುತ್ತೇನೆ. ನಾಲ್ಕನೆಯ ದಿನ ಬೇರೆ ಮೆಕ್ಯಾನಿಕ್ ಒಬ್ಬರು ಬಂದು ಮುಂದಿನ ಸೀಟಿನ ಕೆಳಗೆ ಬ್ಯಾಟರಿ ಬಿಟ್ಟು ನೋಡಿದರು. ಅಲ್ಲಿ ವೈರಿನ ಒಂದು ಪ್ಲಗ್ ಸಡಿಲ ಆಗಿತ್ತು. ಯಾರೋ ಪ್ರಯಾಣಿಕರು ಸೀಟಿನ ಕೆಳಗೆ ಚೀಲ ತುರುಕಿದಾಗ ಎಳೆದುಕೊಂಡಿರಬೇಕು. ಪ್ಲಗ್ ಕೂರಿಸಿದರು, ದೋಷ ಅಳಿಸಿದರು. ದೀಪ ಹೊತ್ತಿತು, ಆರಿತು. ಮತ್ತೆ ಬರಲಿಲ್ಲ.

ಅಂದರೆ ಸಾಫ್ಟ್‌ವೇರ್ ಪ್ರಾಬ್ಲಮ್ ಇರಲೇ ಇಲ್ಲ. ಸಾಫ್ಟ್‌ವೇರ್ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಗಾಡಿ ಶುರುವಾದಾಗ ಅದು ಪ್ರತಿ ಏರ್‌ಬ್ಯಾಗಿನ ವೈರನ್ನು ಪರೀಕ್ಷಿಸುತ್ತದೆ. ಇರಬೇಕಾದ ಪ್ರತಿರೋಧ, ಸುಮಾರು 2 ಓಮ್, ಸಿಗದಿದ್ದರೆ "ನನ್ನನ್ನು ನಂಬಬೇಡಿ" ಎಂದು ದೀಪ ಹಚ್ಚುತ್ತದೆ. ಮೊದಲ ಅಂಗಡಿಯವರು ಹಾಕುತ್ತೇನೆ ಎಂದ ರೆಸಿಸ್ಟರ್ ಏನು ಮಾಡುತ್ತಿತ್ತು? ಏರ್‌ಬ್ಯಾಗ್ ಇರುವ ಜಾಗದಲ್ಲಿ ಅದೇ 2 ಓಮ್ ತೋರಿಸಿ ಯಂತ್ರಕ್ಕೆ ಸುಳ್ಳು ಹೇಳುತ್ತಿತ್ತು. ದೀಪ ಆರುತ್ತಿತ್ತು, ಏರ್‌ಬ್ಯಾಗ್ ಉಬ್ಬುತ್ತಿರಲಿಲ್ಲ. ತಾಳೆಪಟ್ಟಿ ಸರಿ ಬರಲೆಂದು ಸುಳ್ಳು ನಮೂದು ಬರೆದಂತೆ.

ಲೆಕ್ಕಶಾಸ್ತ್ರದಲ್ಲಿ ತಾಳೆ ಆಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ನಮ್ಮ ಸರ್ ಅದನ್ನು ಅಮಾನತು ಖಾತೆ ಎಂದಾಗ ನನಗೆ ಪಕ್ಕದ ಮನೆಯ ಕಾಕಾ ನೆನಪಾಗಿ ನಗು ಬಂತು. ಆ ಖಾತೆ ತಪ್ಪನ್ನು ಮುಚ್ಚಲು ಇರುವುದಲ್ಲ. "ಇಲ್ಲಿ ಒಂದು ತಪ್ಪು ಇದೆ, ಸಿಗುವವರೆಗೆ ಮುಚ್ಚಬೇಡಿ" ಎಂದು ಎಲ್ಲರಿಗೂ ಕಾಣುವಂತೆ ಇಡುವುದು. ಕಾರಿನ ದೀಪವೂ ಅದೇ. ಒಳ್ಳೆಯ ಪ್ರೋಗ್ರಾಮಿಂಗ್ ಭಾಷೆಯೂ ಅದೇ. ತಪ್ಪನ್ನು ಬೇಗ, ಜೋರಾಗಿ ಹೇಳುವ ಭಾಷೆಯೇ ಸುರಕ್ಷಿತ ಭಾಷೆ. ಅದು ಹೇಳಿದ್ದನ್ನು ಕೇಳುವುದು ನಮ್ಮ ಕೆಲಸ.

ಕೈಬಿಟ್ಟ ಎರಡು ಬಾಡಿಗೆಯ ಹಣ ನನ್ನ ಮುಂದಿನ ಫೀಸಿಗೆ ಇಟ್ಟದ್ದಾಗಿತ್ತು. ಅದನ್ನು ಕೂಡಿಸಲು ಅಬ್ಬಾ ಒಂದು ತಿಂಗಳು ರಾತ್ರಿ ಬಾಡಿಗೆಗೂ ಹೋದರು. ನಾನು ಪಿಯುಸಿ ಆದ ಮೇಲೆ ಬಿಸಿಎ ಮಾಡಬೇಕು ಎಂದಿದ್ದೇನೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಎನ್ನುತ್ತಾರೆ. ಮಾತು ಇನ್ನೂ ನಡೆದಿದೆ. ಎರಡರಲ್ಲಿ ಯಾವುದಾದರೂ ಸರಿ, ತಾಳೆ ಆಗಲಿ ಎಂದು ಸುಳ್ಳು ಅಂಕಿ ಬರೆಯುವುದಿಲ್ಲ ಎಂಬುದಂತೂ ಗಟ್ಟಿ.

ನಿಮಗಾಗಿ ಎರಡು ಪ್ರಶ್ನೆ

1. ಲ್ಯಾಬಿನಲ್ಲಿ ಪೈಥಾನ್‌ನಲ್ಲಿ ಅಂಕಪಟ್ಟಿಯ ಒಂದು ಪ್ರೋಗ್ರಾಂ ಬರೆಯಿರಿ. ಯಾರಾದರೂ 105 ಅಥವಾ -3 ಎಂದು ಕೊಟ್ಟರೆ ಅದು ಏನು ಮಾಡಬೇಕು ಎಂದು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಪ್ರೋಗ್ರಾಂ ಮಾಡಿ.
2. ತಾಳೆಪಟ್ಟಿ ಹಿಡಿಯದ ತಪ್ಪುಗಳನ್ನು ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಕಂಪೈಲರ್ ಹಿಡಿಯದ ಒಂದು ತಪ್ಪನ್ನು ಜೋಡಿಸಿ. ವಾಣಿಜ್ಯದವರೂ ವಿಜ್ಞಾನದವರೂ ಕೂಡಿ ಮಾಡಿದರೆ ಚೆನ್ನ.

ಉತ್ತರ ಬರೆದವರು ನ್ಯೂಸ್‌ಲೆಟರ್ ಡಬ್ಬಿಗೆ ಹಾಕಿ. ನನ್ನ ಲೇಖನದಲ್ಲಿ ತಪ್ಪು ಕಂಡರೂ ಚೀಟಿ ಬರೆದು ಹಾಕಿ. ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಕಾಣುವಂತೆ ತಿದ್ದುತ್ತೇನೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ, ಮನಗೂಳಿ